ಹೆಸರಿಲ್ಲದ ಮದುಮಗಳು

ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಶತ್ರುವಿನ ಅರಮನೆಗೆ ಮದುವೆಯಾಗಿ ಹೋಗುವ ರಾಜಕುಮಾರಿಗೆ ಒಂದು ಸಿದ್ಧ ಪಾತ್ರವಿದೆ. ಆಕೆ ಅಳುತ್ತಾಳೆ, ಕುಲದೇವರಿಗೆ ಕೈಮುಗಿಯುತ್ತಾಳೆ, ನಾಡಿನ ಹಿತಕ್ಕಾಗಿ ಪಲ್ಲಕ್ಕಿಯೇರುತ್ತಾಳೆ. ಅಲ್ಲಿಗೆ ಅಧ್ಯಾಯ ಮುಗಿದು, ಕಥೆ ಮತ್ತೆ ದಂಡು, ಕೋಟೆ, ಮಂತ್ರಾಲೋಚನೆಗಳ ಕಡೆಗೆ ಹೊರಳುತ್ತದೆ. ಪಲ್ಲಕ್ಕಿ ಇಳಿದ ಮೇಲೆ ಆಕೆ ಹೇಗೆ ಬದುಕಿದಳೆಂಬುದು ಲೇಖಕರಿಗೆ ಮುಖ್ಯವೆನಿಸುವುದು ಅಪರೂಪ. ನನ್ನ ತಕರಾರು ಇರುವುದು ಇಲ್ಲಿಯೇ.

ಫೆರಿಸ್ತಾ ಹೇಳುವ ಒಂದು ಪ್ರಸಂಗವನ್ನು ನೋಡಿ. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳ ರೂಪ, ಸಂಗೀತಗಳ ಸುದ್ದಿಯನ್ನು ಕಾಶಿಯಾತ್ರೆ ಮುಗಿಸಿ ಬಂದ ಬ್ರಾಹ್ಮಣನೊಬ್ಬ ವಿಜಯನಗರದ ಒಂದನೆಯ ದೇವರಾಯನ ಕಿವಿಗೆ ಹಾಕಿದ. ಅರಸನಿಂದ ಒಡವೆಗಳು ಬಂದವು. ತಂದೆತಾಯಿ ಹಿಗ್ಗಿದರು, ಹುಡುಗಿ ಒಲ್ಲೆನೆಂದಳು. ಅವಳು ಕೊಟ್ಟ ಕಾರಣ ಗಮನಾರ್ಹ. ಅವಳು ಧರ್ಮದ ಮಾತನ್ನಾಗಲಿ ಮಾನದ ಮಾತನ್ನಾಗಲಿ ಎತ್ತಲಿಲ್ಲ. ಆ ಅರಮನೆಯ ಅಂತಃಪುರ ಸೇರಿದ ಹೆಣ್ಣು ಮತ್ತೆ ತಂದೆತಾಯಿಯ ಮುಖ ಕಾಣುವಂತಿಲ್ಲ ಎಂದಳು, ಅಷ್ಟೆ.

ಮುಂದಿನದು ಬಹುಮಂದಿಗೆ ಗೊತ್ತಿರುವ ಕಥೆ. ದೇವರಾಯನ ಕುದುರೆದಂಡು ತುಂಗಭದ್ರೆಯನ್ನು ದಾಟಿ ಬರುವಷ್ಟರಲ್ಲಿ ಆ ಕುಟುಂಬ ಊರು ಬಿಟ್ಟಿತ್ತು. ಹುಡುಗಿ ಸಿಗದ ಸಿಟ್ಟಿಗೆ ಹಳ್ಳಿಗಳು ಸೂರೆಯಾದವು. 1406ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ ದಂಡೆತ್ತಿ ಬಂದ. ದೇವರಾಯ ಸೋತು ಸಂಧಿ ಬೇಡಿದ. ಷರತ್ತುಗಳ ಪಟ್ಟಿ ಹೀಗಿದೆ: 10 ಲಕ್ಷ ಹೊನ್ನು, 50 ಆನೆ, ಹಾಡು ಕುಣಿತ ಬಲ್ಲ 2,000 ಹುಡುಗ ಹುಡುಗಿಯರು, ಬಂಕಾಪುರದ ಕೋಟೆ, ಜೊತೆಗೆ ಅರಸನ ಮಗಳು. ಮದುವೆಗೆ ದಾರಿಯುದ್ದಕ್ಕೂ ನಡೆಮಡಿ ಹಾಸಿದ್ದನ್ನು, ಬೀಳ್ಕೊಡುವಾಗ ಮಾವ ಪೂರ್ತಿ ದೂರ ಜೊತೆಗೆ ಬರಲಿಲ್ಲವೆಂದು ಅಳಿಯ ಮುನಿಸಿಕೊಂಡದ್ದನ್ನು ಫೆರಿಸ್ತಾ ಸವಿವರವಾಗಿ ಬರೆಯುತ್ತಾನೆ. ಬೀಗರ ಮುನಿಸಿಗೆ ಇರುವಷ್ಟು ಜಾಗ ಮದುಮಗಳಿಗಿಲ್ಲ. ಅವಳ ಹೆಸರನ್ನೂ ಅವನು ಹೇಳುವುದಿಲ್ಲ.

ಫೆರಿಸ್ತಾ ಬರೆದದ್ದು ಬಿಜಾಪುರದ ಆಶ್ರಯದಲ್ಲಿ, ಘಟನೆಗಳಿಗೆ ಸುಮಾರು ಇನ್ನೂರು ವರ್ಷಗಳ ನಂತರ. ಈ ಪ್ರಸಂಗವನ್ನು ಇತಿಹಾಸಕಾರರೆಲ್ಲರೂ ಹಾಗೆಯೇ ಒಪ್ಪಿಲ್ಲ. ಆದರೆ 1900ರಲ್ಲಿ ರಾಬರ್ಟ್ ಸೀವೆಲ್ ತನ್ನ ಗ್ರಂಥದಲ್ಲಿ ಇದನ್ನು ಎತ್ತಿಕೊಂಡ ಮೇಲೆ ಇದು ನಮ್ಮ ಕಲ್ಪನೆಯಲ್ಲಿ ಗಟ್ಟಿಯಾಗಿ ನೆಲೆಯೂರಿತು. ಕೆಲವರಿಗೆ ಇದು ಹಿಂದೂ ಅರಸನ ಮಾನಹಾನಿಯ ಕಥೆ, ಕೆಲವರಿಗೆ ಎರಡು ಮತಗಳು ಬೆರೆತ ಸೌಹಾರ್ದದ ಕಥೆ. ಎರಡು ಓದುಗಳಲ್ಲಿಯೂ ಹುಡುಗಿ ಒಂದು ಸಂಕೇತ ಮಾತ್ರ.

ಈ ಪದ್ಧತಿ ಮತಭೇದದಿಂದ ಹುಟ್ಟಿದ್ದಲ್ಲ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ರಕ್ಕಸತಂಗಡಿ ಯುದ್ಧಕ್ಕೆ ಮೊದಲು ಅಹಮದ್‌ನಗರದ ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಷಾನಿಗೆ ಕೊಟ್ಟಾಗ ಬಳುವಳಿಯಾಗಿ ಹೋದದ್ದು ಸೊಲ್ಲಾಪುರದ ಕೋಟೆ. ಅಲ್ಲಿ ಬಂಕಾಪುರ, ಇಲ್ಲಿ ಸೊಲ್ಲಾಪುರ. ಚಾಂದಬೀಬಿ ಮುಂದೆ ಕತ್ತಿ ಹಿಡಿದಳು, ಆದ್ದರಿಂದ ಹೆಸರು ಉಳಿಯಿತು.

ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆರು ರಾಣಿಯರ ಬಗ್ಗೆ ಕಾದಂಬರಿಗಳು ಬರುತ್ತಲೇ ಇವೆ. 1543ರಲ್ಲಿ ಅವನನ್ನು ವರಿಸಿದ ಕ್ಯಾಥರೀನ್ ಪಾರ್‌ಳ ಮನಸ್ಸು ಬೇರೊಬ್ಬನಲ್ಲಿತ್ತೆಂಬುದು ಅವಳದೇ ಪತ್ರದಿಂದ ತಿಳಿಯುತ್ತದೆ. ಅಲ್ಲಿನ ಲೇಖಕರಿಗೆ ಪತ್ರಗಳಿವೆ, ರಾಯಭಾರಿಗಳ ವರದಿಗಳಿವೆ. ನಮ್ಮಲ್ಲಿ ಅಂಥ ದಾಖಲೆಗಳಿಲ್ಲವೆಂಬುದು ನಿಜ. ಆದರೆ ದಾಖಲೆ ಮುಗಿದಲ್ಲಿಯೇ ಅಲ್ಲವೇ ಕಾದಂಬರಿಕಾರನ ಕೆಲಸ ಆರಂಭವಾಗುವುದು? ಅ.ನ.ಕೃ. ವಿಜಯನಗರವನ್ನು ಕುರಿತು ಕಾದಂಬರಿಗಳ ಮಾಲೆಯನ್ನೇ ಬರೆದರು; ಗಳಗನಾಥರು ಅದಕ್ಕೂ ಮೊದಲೇ ದಾರಿ ಮಾಡಿದ್ದರು. ನಾಡಿನ ಆತ್ಮಗೌರವವನ್ನು ಎಚ್ಚರಿಸುವುದು ಆ ತಲೆಮಾರಿನ ಹೊಣೆಯಾಗಿತ್ತು, ಅದನ್ನು ಅವರು ನಿರ್ವಹಿಸಿದರು. ಅದೇ ಧಾಟಿಯನ್ನು ನಾವು ಇಂದಿಗೂ ಮುಂದುವರಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಆ ರಾಜಕುಮಾರಿ ಒಲ್ಲದ ಮದುವಣಗಿತ್ತಿಯಾಗಿದ್ದಳೆಂದು ನಾವು ಊಹಿಸುತ್ತೇವೆ. ಅವಳನ್ನು ಯಾರೂ ಕೇಳಿರಲಿಲ್ಲ. ಒಲ್ಲೆನೆಂದ ಅಕ್ಕಸಾಲಿಗನ ಮಗಳಿಗೆ ಓಡಿಹೋಗಲು ಕಾಡಾದರೂ ಇತ್ತು. ಭೀಮಾ ತೀರದ ಫಿರೋಜಾಬಾದಿನಲ್ಲಿ ನಾನಾ ದೇಶದ ಹೆಂಗಸರಿದ್ದ ಅಂತಃಪುರವನ್ನು ಸುಲ್ತಾನ ಕಟ್ಟಿದ್ದ, ಅವರವರ ಭಾಷೆಯಲ್ಲಿಯೇ ಮಾತನಾಡುತ್ತಿದ್ದ ಎಂದು ಫೆರಿಸ್ತಾ ಹೇಳುತ್ತಾನೆ. ಮದುವೆಯಾಗಿ ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಯುದ್ಧ. ಈ ಸಲ ಪಾನಗಲ್ಲಿನಲ್ಲಿ ಸೋತು ಹಿಂದಿರುಗಿದವನು ಫಿರೋಜ್ ಷಾ. ಅವನ ನೆಲದೊಳಗೆ ನುಗ್ಗಿ ಊರುಗಳನ್ನು ಹಾಳುಗೆಡವಿದ್ದು ವಿಜಯನಗರದ ಸೇನೆ. ಆ ದಿನಗಳಲ್ಲಿ ದೇವರಾಯನ ಮಗಳನ್ನು ಆ ಅಂತಃಪುರ ಹೇಗೆ ನೋಡಿರಬೇಕು? 1422ರಲ್ಲಿ ಅಹಮದ್ ಷಾ ಅಣ್ಣನಿಂದ ಗದ್ದುಗೆ ಕಿತ್ತುಕೊಂಡ. ಅದೇ ವರ್ಷ ದೇವರಾಯನೂ ತೀರಿಕೊಂಡ. ಗಂಡನ ಅಧಿಕಾರ, ತಂದೆಯ ಆಸರೆ ಎರಡೂ ಒಟ್ಟಿಗೆ ಹೋದವು. ಬದುಕಿದ್ದರೆ ಆಕೆ ಆಗ ಇನ್ನೂ ನಡುಹರೆಯದವಳು.

ಇನ್ನೊಂದು ಸಂಗತಿಯಿದೆ. ಸಂಧಿಯಾದ ಮೇಲೆ ಫಿರೋಜ್ ಷಾ ಮುದಗಲ್ಲಿನ ಹುಡುಗಿಯನ್ನು ಕರೆಸಿ ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿದನೆಂದು ಫೆರಿಸ್ತಾ ಬರೆಯುತ್ತಾನೆ. ಅಂದರೆ, ದೇವರಾಯನನ್ನು ನಿರಾಕರಿಸಿದವಳೂ ಅವಳ ನಿರಾಕರಣೆಯ ಬೆಲೆಯಾಗಿ ಬಂದ ದೇವರಾಯನ ಮಗಳೂ ಒಂದೇ ಮನೆತನದಲ್ಲಿ ಅತ್ತೆ ಸೊಸೆಯರಾದರು. ವಯಸ್ಸಿನಲ್ಲಿ ಹೆಚ್ಚು ಅಂತರವಿದ್ದಿರಲಾರದು. ಕನ್ನಡ ಇಬ್ಬರಿಗೂ ಬರುತ್ತಿದ್ದಿರಬೇಕು. ನಾನು ಓದಬಯಸುವ ಕಾದಂಬರಿ ಯುದ್ಧದಿಂದ ಆರಂಭವಾಗುವುದಿಲ್ಲ. ಫಿರೋಜಾಬಾದಿನ ಯಾವುದೋ ಅಂಗಳದಲ್ಲಿ ಇವರಿಬ್ಬರೂ ಮೊದಲ ಸಲ ಎದುರಾದಾಗ, ಯಾರು ಮೊದಲು ಬಾಯ್ತೆರೆದರು ಎಂಬಲ್ಲಿಂದ ಆರಂಭವಾಗುತ್ತದೆ.