ದುರ್ಯೋಧನನಿಗೆ ಹತ್ತು ಗಂಟೆಯ ಗಡುವು

‘ಏನವ್ವ, ಕುರುಕ್ಷೇತ್ರನ ನಾಕ್ ಗಂಟೆಗೆ ಇಳಿಸ್ಬುಟ್ರಂತೆ? ನಿಮ್ ಕೈಗ್ ಸಿಕ್ಕುದ್ರೆ ಮಾಭಾರತನೂ ಪೋಸ್ಟ್ ಕಾರ್ಡ್‌ಗೆ ಹಿಡಿಸ್ಬುಡ್ತೀರಿ!’

ಹೀಗೆಂದವರು ನಮ್ಮ ಬಾವ. ಕೆ.ಆರ್. ಪೇಟೆ, ನಾಗಮಂಗಲದ ಕಡೆ ಎಲ್ಲಿ ನಾಟಕವಾದರೂ ಮುಂದಿನ ಸಾಲಿನಲ್ಲಿ ಕೂರುವವರು. ನಮ್ಮ ಮಹಿಳಾ ತಂಡ ಸಂಜೆ ಆರಕ್ಕೆ ಶುರುಮಾಡಿ ರಾತ್ರಿ ಹತ್ತಕ್ಕೆ ಮಂಗಳ ಹಾಡಿದ್ದು ಅವರಿಗೆ ಧರ್ಮಗ್ಲಾನಿಯಾಗಿ ಕಂಡಿದೆ. ದುರ್ಯೋಧನನಾಗಿ ಒಬ್ಬ ಹೆಂಗಸು ತೊಡೆ ತಟ್ಟಿದ್ದು ಅದಕ್ಕಿಂತ ದೊಡ್ಡ ಅಪರಾಧ. ಅವರೊಬ್ಬರೇ ಅಲ್ಲ, ಶ್ರೀರಂಗಪಟ್ಟಣದ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲೆಲ್ಲೂ ಇದೇ ಮಾತು: ‘ರಾತ್ರಿಯೆಲ್ಲ ಆಡದಿದ್ದರೆ ಅದು ನಾಟಕವೇ?’

ಹತ್ತು ಗಂಟೆಯ ಗಡುವು ನಾವು ಹೂಡಿದ್ದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೆ. ಆದರೆ ನಿಯಮದ ಮರೆಯಲ್ಲಿ ನಾನು ಅವಿತುಕೊಳ್ಳುವುದಿಲ್ಲ. ನಿಯಮ ಇಲ್ಲದಿದ್ದರೂ ಹತ್ತಕ್ಕೇ ಮುಗಿಸಿ ಎಂದು ಜಗಳವಾಡುತ್ತಿದ್ದೆ.

ನಾನು ಹುಟ್ಟಿದ್ದು ಪಾಂಡವಪುರದ ಕಡೆಯ ಹಳ್ಳಿಯಲ್ಲಿ, ಕುಂತಿಬೆಟ್ಟ ಕಾಣುವ ದೂರದಲ್ಲಿ. ಊರಬ್ಬಕ್ಕೆ ಕುರುಕ್ಷೇತ್ರ ಆಡುತ್ತಿದ್ದರು. ಪಾತ್ರಕ್ಕೆ ದುಡ್ಡು ಕಟ್ಟುವುದು ಗಂಡಸರು. ದುರ್ಯೋಧನ, ಕೃಷ್ಣರಿಗೆ ಹೆಚ್ಚು, ಕಾವಲುಗಾರನಿಗೆ ಕಡಮೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರಿಗೆ ಊಟ ಹಾಕುವುದು ಹೆಂಗಸರು. ನಾಟಕದ ರಾತ್ರಿ ನನ್ನ ತಾಯಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಕೃಷ್ಣ ಸಂಧಾನ ನೋಡುವರು, ಕರ್ಣ-ಕುಂತಿ ಭೇಟಿಗೆ ಅಳುವರು, ಅಭಿಮನ್ಯು ಬಿದ್ದನೆಂದರೆ ಏಳುವರು. ಹಾಲು ಕರೆಯಬೇಕು, ಬಾಗಿಲಿಗೆ ನೀರು ಹಾಕಬೇಕು, ನೆಂಟರಿಗೆ ಕಾಫಿಯಾಗಬೇಕು. ಗದಾಯುದ್ಧ ಬರುವುದು ಸೂರ್ಯ ಮೂಡುವ ಹೊತ್ತಿಗೆ. ಎಲ್ಲ ಪದಗಳೂ ಬಾಯಿಗೆ ಬರುತ್ತಿದ್ದ ಆಕೆ ದುರ್ಯೋಧನ ಬೀಳುವುದನ್ನು ಒಂದು ಸಲವೂ ನೋಡದೆ ಸತ್ತರು. ಬಾವ ಹೇಳುವ ‘ಪೂರ್ತಿ ನಾಟಕ’ ಯಾರಿಗೆ ಪೂರ್ತಿಯಾಗಿತ್ತು?

ಇನ್ನು ಪರಂಪರೆಯ ಮಾತು. ಇದೇ ಸೀಮೆಯಲ್ಲಿ ಮೂಡಲಪಾಯ ಇತ್ತು: ಭಾಗವತ, ಮದ್ದಳೆ, ಮುಖವೀಣೆ. ನಾಗಮಂಗಲ ತಾಲ್ಲೂಕಿನವರೇ ಆದ ಜೀಶಂಪ ಅಂಥ ಕಲೆಗಳಿಗಾಗಿ ಊರೂರು ಅಲೆದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ಪರದೆ, ಸೀನರಿ, ಹಾರ್ಮೋನಿಯಂ ತಂದಾಗ ಅಂದಿನ ಹಿರಿಯರು ‘ಕೆಟ್ಟಿತು’ ಎಂದು ಗೊಣಗಿರಲಾರರೇ? ಅಂದಿನ ಹೊಸತು ಇಂದು ಬಾವನ ಪರಂಪರೆ. ಪಾಂಡವಪುರವೇ ಹಿರೋಡೆಯಾಗಿ, ಫ್ರೆಂಚ್ ರಾಕ್ಸ್ ಆಗಿ, ಈಗ ಪಾಂಡವಪುರವಾಗಿದೆ. ಬೆಟ್ಟ ಅಲ್ಲೇ ಇದೆ.

ಹೆಂಗಸು ಮೀಸೆ ಹಚ್ಚಿದ್ದಕ್ಕೆ ಸಿಟ್ಟಾಗುವವರಿಗೆ, ಗಂಡಸು ಸೀರೆಯುಟ್ಟು ದ್ರೌಪದಿಯಾಗುತ್ತಿದ್ದ ಕಾಲ ನೆನಪಿಗೆ ಬರುವುದಿಲ್ಲ. ಆಮೇಲೆ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸಿದರು. ರಾತ್ರಿ ಅವರ ಹಾಡಿಗೆ ‘ಒನ್ಸ್ ಮೋರ್’, ಬೆಳಿಗ್ಗೆ ಅವರ ಬಗ್ಗೆ ಆಡುವ ಮಾತೇ ಬೇರೆ. ಆಗೆಲ್ಲ ಯಾವ ಪರಂಪರೆಗೂ ನೋವಾಗಲಿಲ್ಲ!

ಹಾಗೆಂದು ಎಲ್ಲ ಹೊಸತಕ್ಕೂ ನಾನು ಆರತಿ ಎತ್ತುವವಳಲ್ಲ. ರೆಕಾರ್ಡು ಹಾಕಿ ತುಟಿ ಆಡಿಸೋಣ ಎಂದವರೊಡನೆ ವಾರ ಮಾತು ಬಿಟ್ಟಿದ್ದೆ. ಉಸಿರು ಕಟ್ಟಿ ಕಂದ ಎತ್ತದ ದುರ್ಯೋಧನ ಕಿರೀಟವಿಟ್ಟ ಬೊಂಬೆ. ಬಾವನ ಒಂದು ದೂರೂ ನ್ಯಾಯವೇ: ಕೃಷ್ಣ ವಿದುರನ ಮನೆಗೆ ಬರುವ ದೃಶ್ಯ ನಾವು ಬಿಟ್ಟದ್ದು ತಪ್ಪು. ಅರಮನೆಯ ಊಟ ಬಿಟ್ಟು ಬಡವನ ಮನೆ ಹುಡುಕಿ ಬಂದವನನ್ನು ಯುದ್ಧದ ಅವಸರದಲ್ಲಿ ಬಾಗಿಲಲ್ಲೇ ನಿಲ್ಲಿಸಿದೆವು.

ಈ ಸಲ ಅದನ್ನು ಸೇರಿಸುತ್ತೇವೆ. ಇಪ್ಪತ್ತು ನಿಮಿಷ ಬೇಕು. ಹೋದ ಸಲ ಅತಿಥಿಗಳ ಭಾಷಣ, ಹಾರ, ಶಾಲುಗಳಿಗೆ ಐವತ್ತು ನಿಮಿಷ ಹೋಗಿತ್ತು. ಕತ್ತರಿ ಎಲ್ಲಿ ಹಾಕಬೇಕೆಂದು ಸಭೆಯಲ್ಲಿ ಹೇಳಿದ್ದೇನೆ. ಶಾಲು ಆಗಲೇ ಕೊಂಡಾಗಿದೆ ಎಂದು ನಮ್ಮ ಕಾರ್ಯದರ್ಶಿ ಗೊಣಗುತ್ತಿದ್ದಾರೆ.