ಬನ್ನಿನೊಳಗೆ ಏನಿತ್ತು?

ಯಾವ ನಟನ ಹೆಸರು ಎತ್ತಿದರೂ ನಮ್ಮ ಜನ ಮೊದಲು ಕೇಳೋದು ಒಂದೇ. 'ಯಾರ ಮಗ ಅವನು?' ನನಗೆ ಬರೋ ಕಾಗದಗಳಲ್ಲಿ ಅರ್ಧ ಇದೇ ಪ್ರಶ್ನೆ. ಪಿಯುಸಿ ಅರ್ಧಕ್ಕೆ ಬಿಟ್ಟು ಪೇಪರಿಗೆ ಬರೆಯೋ ನನ್ನನ್ನೂ ಜನ ಹಾಗೇ ಕೇಳ್ತಾರೆ, ಅದಿರಲಿ. ಈ ವಾರ ಹಾಂಗ್‌ಕಾಂಗಿಗೆ ಹೋಗಿಬರೋಣ. ಆ ಪ್ರಶ್ನೆಯನ್ನು ಐವತ್ತು ವರ್ಷ ಹೊತ್ತು ತಿರುಗಿದ ನಟನೊಬ್ಬ ಅಲ್ಲಿದ್ದಾನೆ. ಹೆಸರು ಅಂಥೋನಿ ವಾಂಗ್. ಅವನನ್ನು ಮೇಲಕ್ಕೆತ್ತಿದ್ದು ಏನು ಗೊತ್ತೇ? ಒಂದು ಬನ್ನು!

'ಚಾರ್ ಸಿಯು ಬಾವ್' ಅಂತಾರೆ ಅದಕ್ಕೆ. ನಮ್ಮ ಕಡುಬಿನ ದೂರದ ನೆಂಟ ಅನ್ನಿ. ಬಿಳೀ ಹಿಟ್ಟನ್ನು ಉಬ್ಬಿಸಿ, ಒಳಗೆ ಸುಟ್ಟ ಹಂದಿಮಾಂಸದ ಸಿಹಿಯುಪ್ಪು ಹೂರಣ ತುಂಬಿ, ಬಿದಿರಿನ ಬುಟ್ಟಿಯಲ್ಲಿ ಹಬೆಗೆ ಇಡ್ತಾರೆ. ಹದವಾಗಿ ಬೆಂದರೆ ನೆತ್ತಿ ತಾನಾಗಿ ಬಿರಿಯುತ್ತೆ, ಒಳಗಿನ ಕೆಂಪು ಇಣುಕುತ್ತೆ. ಬೆಳಗ್ಗೆ ಟೀ ಅಂಗಡಿಯಲ್ಲಿ ತಾತಂದಿರು ಪೇಪರ್ ಓದುತ್ತಾ ತಿನ್ನೋ ತಿಂಡಿ. ನಮ್ಮ ಇಡ್ಲಿಯಷ್ಟೇ ಸಾಧು.

ಆ ಸಾಧುವಿಗೂ ಕಳಂಕ ಬಂತು ಸ್ವಾಮಿ. 1985ರಲ್ಲಿ ಪಕ್ಕದ ಮಕಾವ್‌ನಲ್ಲಿ 'ಎಂಟು ಅಮರರು' ಅನ್ನೋ ಹೋಟೆಲಿನ ಹತ್ತು ಜನ ಕೊಲೆಯಾದರು. ಸಮುದ್ರದ ದಡದಲ್ಲಿ ಸಿಕ್ಕಿದ್ದು ಕೈಕಾಲು ತುಂಡುಗಳು. 'ಮಿಕ್ಕಿದ್ದೆಲ್ಲ ಬನ್ನಿನೊಳಗೆ ಹೋಯ್ತು' ಅಂತ ಊರು ಮಾತಾಡಿಕೊಂಡಿತು. ಸಿಕ್ಕಿಬಿದ್ದವನು 1986ರಲ್ಲಿ ಜೈಲಿನಲ್ಲೇ ಪ್ರಾಣ ಕಳೆದುಕೊಂಡ. ಬನ್ನಿನ ಮಾತು ಸಾಬೀತಾಗಲೇ ಇಲ್ಲ. ಆದರೆ ಸಿನಿಮಾದವರಿಗೆ ಸಾಬೀತು ಯಾಕ್ರೀ ಬೇಕು? 1993ರಲ್ಲಿ ಹರ್ಮನ್ ಯಾವ್ ಚಿತ್ರ ಮಾಡೇಬಿಟ್ಟ. ಇಂಗ್ಲಿಷಿನಲ್ಲಿ 'ದಿ ಅನ್‌ಟೋಲ್ಡ್ ಸ್ಟೋರಿ'. ಚೀನೀ ಹೆಸರಿನಲ್ಲಂತೂ ನರಮಾಂಸದ ಬನ್ನು ಅಂತಲೇ ಇದೆ. ವಯಸ್ಕರಿಗೆ ಮಾತ್ರ. ವಯಸ್ಕರೂ ಊಟಕ್ಕೆ ಮುಂಚೆ ನೋಡದಿದ್ದರೆ ಒಳ್ಳೇದು!

ಅದರ ಕೊಲೆಗಾರನೇ ನಮ್ಮ ಅಂಥೋನಿ ವಾಂಗ್. ಇಂಥ ಚಿತ್ರಕ್ಕೆ ಮರುವರ್ಷ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಯಲ್ಲಿ ಶ್ರೇಷ್ಠ ನಟನ ಪಟ್ಟ ಸಿಕ್ಕಿತು ಅಂದರೆ ಆತನ ಗತ್ತು ಎಂಥದ್ದು, ನೀವೇ ಯೋಚಿಸಿ.

ಈಗ ಹಿನ್ನೆಲೆಗೆ ಬರ್ತೀನಿ. ವಾಂಗ್ ಹುಟ್ಟಿದ್ದು 1961ರಲ್ಲಿ. ತಾಯಿ ಚೀನೀ ಹೆಂಗಸು. ತಂದೆ ಫ್ರೆಡರಿಕ್ ಪೆರಿ, ಬ್ರಿಟಿಷ್ ಸರ್ಕಾರದ ಅಧಿಕಾರಿ. ಸಾಹೇಬರಿಗೆ ಬೇರೆ ಹೆಂಡತಿ ಮಕ್ಕಳೂ ಇದ್ದರು. ಹುಡುಗನಿಗೆ ನಾಲ್ಕು ವರ್ಷ ಆಗಿದ್ದಾಗ ಸಾಹೇಬರು ಹೊರಟೇಹೋದರು. ಸಾಕಿದ್ದು ತಾಯಿ ಒಬ್ಬಳೇ. ಬೀದಿಯ ಹುಡುಗರ ಕಣ್ಣಿಗೆ ಇವನು ಬಿಳಿಯ, ಬಿಳಿಯರ ಕಣ್ಣಿಗೆ ಚೀನೀ. ಸಿನಿಮಾಕ್ಕೆ ಬಂದ ಮೇಲೂ ಆ ಬೆರಕೆ ಮುಖ ಹೀರೋಗೆ ಒಗ್ಗಲಿಲ್ಲ, ಖಳನಿಗೆ ಒಗ್ಗಿತು. ಆ ಬನ್ನಿನ ಚಿತ್ರದಲ್ಲಿ ಕೊಲೆಗಾರನ ಕಣ್ಣಲ್ಲಿ ಒಂದು ಉರಿ ಇದೆ. 'ನನ್ನನ್ನ ಏನು ನೋಡ್ತೀರಿ' ಅನ್ನೋ ಉರಿ. ಅದು ಅಭಿನಯ ಶಾಲೆಯಲ್ಲಿ ಕಲಿತದ್ದಲ್ಲ ಅಂತ ನನ್ನ ಗುಮಾನಿ.

ಹಾಂಗ್‌ಕಾಂಗ್ ತಾರೆಯರಲ್ಲಿ ಇಂಥ ಗುಟ್ಟು ಇವನೊಬ್ಬನದೇ ಅಲ್ಲ. ನಮ್ಮೂರ ಟೆಂಟಿನಲ್ಲೂ ಸಿಳ್ಳೆ ಹೊಡೆಸಿಕೊಂಡ ಜಾಕಿ ಚಾನ್‌ನನ್ನೇ ನೋಡಿ. ಅಪ್ಪ ಫ್ರೆಂಚ್ ಕಾನ್ಸಲರ ಬಂಗಲೆಯಲ್ಲಿ ಅಡಿಗೆಯವನು ಅಂತಷ್ಟೇ ಲೋಕಕ್ಕೆ ಗೊತ್ತಿದ್ದದ್ದು. 2003ರ ಒಂದು ಸಾಕ್ಷ್ಯಚಿತ್ರದಲ್ಲಿ ಅಪ್ಪನೇ ಬಾಯಿಬಿಟ್ಟ. ಹಿಂದೆ ಚೀನಾದಲ್ಲಿ ರಾಷ್ಟ್ರೀಯವಾದಿಗಳ ಗೂಢಚಾರನಾಗಿದ್ದನಂತೆ, ಇಬ್ಬರು ಗಂಡುಮಕ್ಕಳನ್ನು ಅಲ್ಲೇ ಬಿಟ್ಟು ಬಂದನಂತೆ. ಮನೆತನದ ಹೆಸರು ಚಾನ್ ಅಲ್ಲವೇ ಅಲ್ಲ, ಫಾಂಗ್! ಲೋಕವೆಲ್ಲ ಕೂಗಿದ ಹೆಸರೇ ಎರವಲು.

ವಾಂಗ್ ವಿಷಯ ಮುಗೀಲಿಲ್ಲ. 2014ರಲ್ಲಿ ಪ್ರಜಾಪ್ರಭುತ್ವ ಬೇಕು ಅಂತ ಬೀದಿಗಿಳಿದ ಹುಡುಗರ ಪರ ಮಾತಾಡಿದ. ಕೆಲಸ ಬತ್ತಿಹೋಯಿತು. 2018ರ ಮಾರ್ಚಿನಲ್ಲಿ ಆತನ ಅಪ್ಪನ ಕಥೆಯನ್ನು ಬಿಬಿಸಿ ಪ್ರಕಟಿಸಿತು. ಕೆಲವೇ ದಿನ, ಪೆರಿ ಸಾಹೇಬರ ಇನ್ನೊಂದು ಸಂಸಾರ ಸಿಕ್ಕಿತು. ಅವಳಿ ಅಣ್ಣಂದಿರು ಹಾಂಗ್‌ಕಾಂಗಿಗೇ ಬಂದು ತಮ್ಮನನ್ನು ಕಂಡರು. ತಮ್ಮನಿಗೆ ಆಗ 56! ಅಪ್ಪ ಮಾತ್ರ ಎಂದೋ ತೀರಿಹೋಗಿದ್ದ.

ಅದೇ ವರ್ಷ ಹೊಸ ನಿರ್ದೇಶಕಿಯೊಬ್ಬಳ 'ಸ್ಟಿಲ್ ಹ್ಯೂಮನ್' ಬಂತು. ವಾಂಗ್ ಒಂದು ಕಾಸೂ ಮುಟ್ಟದೆ ನಟಿಸಿದ. 2019ರಲ್ಲಿ ಶ್ರೇಷ್ಠ ನಟ, ಮೂರನೇ ಸಲ. ಪಾತ್ರ ಯಾವುದು ಅಂತೀರಾ? ಗಾಲಿಕುರ್ಚಿಯಲ್ಲಿ ಕೂತ ಅಪ್ಪ, ವಿದೇಶದಲ್ಲಿ ಓದೋ ಮಗನ ಜೊತೆ ಕಂಪ್ಯೂಟರಿನಲ್ಲೇ ಮಾತಾಡ್ತಾನೆ.