ಊರ ಬೋರ್ಡುಗಳು, ಭಾಗ 4: ಬೆಳಕು ಜಾಸ್ತಿ, ಅಕ್ಷರ ಮಾಯ

ಮೊದಲ ಫೋಟೋದಲ್ಲಿರೋ ಅಂಗಡಿ ಹೆಸರು ಓದಿ ನೋಡೋಣ. ಆಗಲ್ಲ ತಾನೇ? ಶಿವಮೊಗ್ಗದ ನೆಹರೂ ರಸ್ತೆ, ರಾತ್ರಿ ಎಂಟು ಗಂಟೆ. ಮೊಬೈಲ್ ಕ್ಯಾಮೆರಾ ಬೆಳಕನ್ನ ಸ್ವಲ್ಪ ಹೆಚ್ಚಿಸಿಯೇ ತೋರಿಸುತ್ತೆ, ಒಪ್ತೀನಿ. ಆದರೆ ಎದುರಿನ ಫುಟ್‌ಪಾತಿನಿಂದ ನನ್ನ ಕಣ್ಣಿಗೂ ಅದು ಬಿಳೀ ಉಂಡೆನೇ.

"ಬೆಳಕಿದ್ರೆ ತಾನೇ ಗಿರಾಕಿ ಬರೋದು" ಅಂತಾರೆ ಅಂಗಡಿಯವರು. ಸ್ವಾಮಿ, ಬೋರ್ಡನ್ನ ಓದಿಸೋದು ಬರೀ ಬೆಳಕಲ್ಲ, ಅಕ್ಷರಕ್ಕೂ ಹಿನ್ನೆಲೆಗೂ ಇರೋ ವ್ಯತ್ಯಾಸ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅಗಲ ಆಗಿರುತ್ತೆ. ಒಂದು ಮಿತಿ ದಾಟಿದ ಬೆಳಕು ಅಕ್ಷರದ ಅಂಚಿನಾಚೆ ಚೆಲ್ಲಿ, ಮಧ್ಯದ ಖಾಲಿ ಜಾಗನೆಲ್ಲ ತುಂಬಿಬಿಡುತ್ತೆ. ಪೊರೆ ಬಂದಿರೋ ಅಜ್ಜ-ಅಜ್ಜಿಯರಿಗಂತೂ ಇನ್ನೂ ಕಷ್ಟ.

ಇಂಗ್ಲಿಷ್ ಅಕ್ಷರ ಹೇಗೋ ಬಚಾವಾಗುತ್ತೆ. ನಮ್ಮದು? 'ಭದ್ರಾವತಿ' ಅಂತ ಬರೆಸಿ, ಫುಲ್ ಪವರ್ ಎಲ್‌ಇಡಿ ಹಾಕಿ. ಭ-ದ ಕೆಳಗಿನ ಸೀಳು ಮುಚ್ಚಿಹೋಗುತ್ತೆ, ದ-ಕ್ಕೆ ಕೊಟ್ಟ ರ ಒತ್ತು ಕರಗಿಹೋಗುತ್ತೆ. ಉಳಿಯೋದು 'ಬದಾವತಿ'. ಬೋರ್ಡಲ್ಲಿ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯ್ತು. ಎಷ್ಟು ಹೋರಾಟದ ಮೇಲೆ! ಅಳತೆಪಟ್ಟಿ ಹಿಡಿದು 60% ಸರಿ ಇದೆ ಅನ್ನಬಹುದು. ರಾತ್ರಿ ಓದಕ್ಕೇ ಆಗದಿದ್ರೆ ಆ 60% ಯಾರಿಗೆ?

ಟ್ಯೂಬ್‌ಲೈಟ್ ಬಾಕ್ಸ್ ಇದ್ದ ಕಾಲದಲ್ಲಿ ಕರೆಂಟ್ ಬಿಲ್ಲೇ ಕಡಿವಾಣ ಹಾಕ್ತಿತ್ತು. ಎಲ್‌ಇಡಿ ಬಂದು ಬೆಳಕು ಅಗ್ಗ ಆಯ್ತು. ಈಗ ಪಕ್ಕದವರು ಹೆಚ್ಚಿಸಿದ್ರು ಅಂತ ಇವರು, ಇವರು ಹೆಚ್ಚಿಸಿದ್ರು ಅಂತ ಎದುರಿನವರು. ಖರ್ಚು ಎಲ್ಲರಿಗೂ, ಲಾಭ ಯಾರಿಗೂ ಇಲ್ಲ. ನನ್ನಂಥ ಬಿಕಾಂ ವಿದ್ಯಾರ್ಥಿಗೇ ಅರ್ಥ ಆಗೋ ಲೆಕ್ಕ ಇದು.

ಹೋದ ಮಳೆಗಾಲ ಭದ್ರಾವತಿ ಬಿ.ಎಚ್. ರಸ್ತೆಯಲ್ಲಿ ಸ್ಕೂಟಿ ಓಡಿಸ್ತಿದ್ದೆ. ಹೆಲ್ಮೆಟ್ ಗಾಜಿನ ಮೇಲೆ ಹನಿ, ಮೇಲೊಂದು ಎಲ್‌ಇಡಿ ಪರದೆ, ಒದ್ದೆ ರಸ್ತೆ ಮೇಲೂ ಅದರದೇ ಹೊಳಪು. ರಸ್ತೆ ಮಧ್ಯೆ ಮಲಗಿದ್ದ ದನ ಕಂಡಿದ್ದು ಎರಡು ಮಾರು ದೂರದಲ್ಲಿ. ಬ್ರೇಕ್ ಹಿಡೀತು, ಪುಣ್ಯ. ದನ ಏಳಲೂ ಇಲ್ಲ.

ಹೊರಗೆ ಹಾಕೋ ಪರದೆಗಳು ಹಗಲಿನ ಬಿಸಿಲಿಗೆ ಅಂತ ಸಾವಿರಾರು ನಿಟ್ಸ್ ಬೆಳಗುತ್ತವೆ. ರಾತ್ರಿಗೆ ಕೆಲವು ನೂರು ಧಾರಾಳ ಸಾಕು. ನಿಮ್ಮ ಫೋನೇ ಕತ್ತಲಾದ್ರೆ ತಾನಾಗೇ ಮಂಕಾಗುತ್ತೆ, ಲಕ್ಷಗಟ್ಟಲೆ ಕೊಟ್ಟು ಹಾಕಿಸಿದ ಪರದೆಗೆ ಆಗಲ್ವಾ?

ಹೊಸ ಬೋರ್ಡ್ ಮಾಡಿಸೋರಿದ್ರೆ ಇಷ್ಟು ಕೇಳಿ: ಹಿನ್ನೆಲೆ ಕಪ್ಪಿರಲಿ, ಅಕ್ಷರ ಮಾತ್ರ ಬೆಳಗಲಿ, ಒತ್ತಕ್ಷರಕ್ಕೆ ಜಾಗ ಬಿಡಿ, ಜೊತೆಗೊಂದು ಡಿಮ್ಮರ್. ಆಮೇಲೆ ರಾತ್ರಿ ಹೋಗಿ ರಸ್ತೆಯ ಆಚೆ ನಿಂತು, ಒತ್ತು ಕಾಣೋವರೆಗೂ ಬೆಳಕು ಇಳಿಸ್ತಾ ಬನ್ನಿ.

ಕೊನೇ ಫೋಟೋ ದುರ್ಗಿಗುಡಿಯದ್ದು. ಹಳೇ ಪೇಂಟಿನ ಬೋರ್ಡು, ಮೇಲೊಂದೇ ಬಲ್ಬು. ಓದಿ, ಹೆಸರು ಕಾಮೆಂಟಲ್ಲಿ ಹಾಕಿ.

#ಶಿವಮೊಗ್ಗ #ಭದ್ರಾವತಿ #ಊರಬೋರ್ಡುಗಳು